ಎಲ್ಲಾ ಮಾಹಿತಿ ಒಂದೇ ಕಡೆ ಗುಡ್ಡೆ ಹಾಕಿದರೆ ದೇಶ ಭದ್ರವಾಗುತ್ತಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿಸಿಎ ಕೊನೇ ವರ್ಷ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಬಿಗ್ ಡೇಟಾ ಪಾಠ ನಡೆಯುವಾಗ ಒಂದು ಅನುಮಾನ ಬಂತು. ಆಧಾರ್, ಬ್ಯಾಂಕು, ಫೋನು, ರೈಲ್ವೆ ಟಿಕೆಟ್ಟು, ಎಲ್ಲದರ ಲೆಕ್ಕವೂ ಎಲ್ಲೋ ಒಂದು ಕಡೆ ಇದ್ದೇ ಇದೆ. ಅಷ್ಟನ್ನೂ ಸೇರಿಸಿ ಕಂಪ್ಯೂಟರಿಗೆ ಕೊಟ್ಟರೆ ಬಾಂಬ್ ಇಡುವವರನ್ನು ಮೊದಲೇ ಹಿಡಿಯಬಹುದಲ್ವಾ ಸರ್? ಯಾಕೆ ಮಾಡುತ್ತಿಲ್ಲ? ನಮ್ಮಪ್ಪ ಮಾತ್ರ, "ಹಂಗೇನಾದ್ರೂ ಮಾಡಿದ್ರೆ ಮೊದ್ಲು ಸಿಕ್ಕಾಕ್ಕೊಳ್ಳೋದು ನಮ್ಮಂಥೋರೇ" ಅಂತಾರೆ. ಈ ಕೆಲಸಕ್ಕೆ ಹೋಗಬೇಕು ಅಂತ ನನಗೆ ಆಸೆ ಇದೆ. ಏನು ಕಲಿಯಬೇಕು?

ಉತ್ತರ: ನಿಮ್ಮ ತಂದೆಯವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ಡೇಟಾ ಕೆಲಸದಲ್ಲೇ ತಲೆ ನೆರೆತವರೂ ಒಂದೊಂದು ಸಲ ಮರೆತುಬಿಡುವ ಮಾತನ್ನು ಅವರು ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಾಹಿತಿ ಸಾಲದೆ ಅನಾಹುತ ಆಗುತ್ತದೆ, ಜಾಸ್ತಿ ಇದ್ದರೆ ಆಗುವುದಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನಡೆದದ್ದನ್ನು ನೋಡಿದರೆ ಹಾಗಿಲ್ಲ. ದೊಡ್ಡ ದೊಡ್ಡ ಪ್ರಕರಣಗಳಲ್ಲಿ ಬೇಕಾದ ಮಾಹಿತಿ ಯಾರದೋ ಫೈಲಿನಲ್ಲಿ ಮೊದಲೇ ಇತ್ತು. ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ಬರಲಿಲ್ಲ, ಅಷ್ಟೆ.

ನೀವು ಮಂಡ್ಯದವರು, ನಿಮಗೆ ಕೆಆರ್‌ಎಸ್ ಲೆಕ್ಕದಲ್ಲೇ ಹೇಳುತ್ತೇನೆ. ಮಳೆಗಾಲದಲ್ಲಿ ಪೇಪರ್ ತೆಗೆದ ಕೂಡಲೇ ನಮ್ಮ ಕಣ್ಣು ಹೋಗುವುದು ಆ ಪುಟ್ಟ ಚೌಕಕ್ಕೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಬರೀ 122 ಅಡಿ ಅಂದರೆ ಖುಷಿಯ ಸುದ್ದಿ, ನಾಲೆಗೆ ನೀರು ಬರುತ್ತದೆ. ಅದೇ 122 ಅಡಿಯ ಜೊತೆ ಒಳಹರಿವು ಗಂಟೆಗಂಟೆಗೂ ಏರುತ್ತಿದೆ, ಭಾಗಮಂಡಲದಲ್ಲಿ ಎರಡು ದಿನದಿಂದ ಮಳೆ ಬಿಟ್ಟಿಲ್ಲ ಅಂತ ಗೊತ್ತಾದರೆ? ಶ್ರೀರಂಗಪಟ್ಟಣದಲ್ಲಿ ಹೊಳೆ ದಂಡೆಯವರು ಜಾಗ ಬಿಡಬೇಕು. ಮಳೆಯ ಅಂಕಿ ಕೊಡಗಿನಲ್ಲಿ ಒಬ್ಬರ ಪುಸ್ತಕದಲ್ಲಿ ಇರುತ್ತದೆ, ಅಣೆಕಟ್ಟೆಯ ಅಂಕಿ ಇಲ್ಲಿ ಇನ್ನೊಬ್ಬರ ಪುಸ್ತಕದಲ್ಲಿ. ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡದಿದ್ದರೆ ಎರಡು ಪುಸ್ತಕವೂ ಸರಿಯಾಗಿದ್ದು ಊರು ಮಾತ್ರ ಮುಳುಗುತ್ತದೆ.

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಆಗಿದ್ದು ಇದೇ. ವಿಮಾನ ಅಪಹರಿಸಿದ 19 ಜನರಲ್ಲಿ ಖಾಲಿದ್ ಅಲ್ ಮಿಹ್ದಾರ್, ನವಾಫ್ ಅಲ್ ಹಜ್ಮಿ ಅಂತ ಇಬ್ಬರಿದ್ದರು. 2000ದ ಜನವರಿಯಲ್ಲಿ ಇವರು ಕೌಲಾಲಂಪುರದಲ್ಲಿ ಸಭೆ ಸೇರಿದ್ದು ಅಮೆರಿಕದ ವಿದೇಶಿ ಗುಪ್ತಚರ ಸಂಸ್ಥೆ ಸಿಐಎಗೆ ಗೊತ್ತಿತ್ತು. ಮಿಹ್ದಾರ್ ಹತ್ತಿರ ಅಮೆರಿಕದ ವೀಸಾ ಇದೆ ಅನ್ನುವುದೂ ಗೊತ್ತಿತ್ತು. ಆದರೆ ಹೆಸರುಗಳು ನಿಗಾ ಪಟ್ಟಿಗೆ ಸೇರಿ, ದೇಶದೊಳಗಿನ ತನಿಖೆ ನೋಡುವ ಎಫ್‌ಬಿಐ ಹುಡುಕಲು ಶುರು ಮಾಡಿದ್ದು 2001ರ ಆಗಸ್ಟ್ ಕೊನೆಗೆ. ಆ ನಡುವೆ ಕೆಲವು ತಿಂಗಳು ಇಬ್ಬರೂ ಸ್ಯಾನ್ ಡಿಯಾಗೊದಲ್ಲಿ ಸ್ವಂತ ಹೆಸರಿನಲ್ಲೇ ವಾಸವಾಗಿದ್ದರು. ಹಜ್ಮಿಯ ಹೆಸರು ಆ ಊರಿನ ಟೆಲಿಫೋನ್ ಡೈರೆಕ್ಟರಿಯಲ್ಲೇ ಅಚ್ಚಾಗಿತ್ತು! ಇದಕ್ಕೆ ಯಾವ ಬಿಗ್ ಡೇಟಾ ಬೇಕಿತ್ತು ಹೇಳಿ.

ಈಗ ಮುಂಬೈ. 2008ರ ನವೆಂಬರ್ 26ರ ದಾಳಿಯಲ್ಲಿ 166 ಜನ ತೀರಿಕೊಂಡರು. ಜಾಗಗಳನ್ನು ಮೊದಲೇ ನೋಡಿ, ವಿಡಿಯೊ ಮಾಡಿಕೊಂಡು ಹೋಗಿದ್ದವನು ಡೇವಿಡ್ ಹೆಡ್ಲಿ. ಮೂಲ ಹೆಸರು ದಾವೂದ್ ಗಿಲಾನಿ. 2006ರಲ್ಲಿ ಅಮೆರಿಕದಲ್ಲಿ ಕಾನೂನು ಪ್ರಕಾರವೇ ಹೆಸರು ಬದಲಿಸಿಕೊಂಡ. ದಾಳಿಗೆ ಮೊದಲು ಐದು ಸಲ ಮುಂಬೈಗೆ ಬಂದ. ದಾಳಿ ಆದ ಮೇಲೆ, 2009ರ ಮಾರ್ಚ್‌ನಲ್ಲಿ, ಭಾರತಕ್ಕೆ ಮತ್ತೆ ಬಂದ. ಪ್ರತಿ ಸಲವೂ ವಿಮಾನ ನಿಲ್ದಾಣದಲ್ಲಿ ಎಂಟ್ರಿ ಇತ್ತು, ಹೋಟೆಲಿನಲ್ಲಿ ಹೆಸರು ಇತ್ತು. 2009ರ ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲಿ ಅವನು ಸಿಕ್ಕಿಬಿದ್ದ ಮೇಲೆ ನಮ್ಮವರು ಆ ಕಾಗದಗಳನ್ನು ಹುಡುಕಿ ಜೋಡಿಸಿದರು.

ಆ ಕಾಗದಗಳೆಲ್ಲ ಒಂದೇ ಪರದೆಯ ಮೇಲೆ ಇದ್ದಿದ್ದರೆ ಹೆಡ್ಲಿ ಮೊದಲೇ ಸಿಗುತ್ತಿದ್ದ ಅಂತ ಖಡಾಖಂಡಿತ ಹೇಳುವವರನ್ನು ನಾನು ನಂಬುವುದಿಲ್ಲ. ಮುಂಬೈಯಲ್ಲಿ ಆಫೀಸು ಇಟ್ಟುಕೊಂಡ ಅಮೆರಿಕನ್ ವ್ಯಾಪಾರಿ ಎರಡು ವರ್ಷದಲ್ಲಿ ಐದು ಸಲ ಬಂದರೆ ಯಾವ ಕಂಪ್ಯೂಟರು ಹುಬ್ಬೇರಿಸುತ್ತದೆ? ಆದರೆ ಅವನ ಹೆಂಡತಿಯರಲ್ಲಿ ಒಬ್ಬಳು ದಾಳಿಗೆ ಮೊದಲೇ ಇಸ್ಲಾಮಾಬಾದಿನ ಅಮೆರಿಕ ರಾಯಭಾರ ಕಚೇರಿಗೆ ಹೋಗಿ ಅವನ ಮೇಲೆ ದೂರು ಹೇಳಿದ್ದಳು ಅಂತ ಆಮೇಲೆ ವರದಿಯಾಯಿತು. ಎಳೆ ಅಂದರೆ ಅದು. ಆ ಎಳೆ ಹಿಡಿದು ಯಾರಾದರೂ 'ಈ ಮನುಷ್ಯ ಎಲ್ಲೆಲ್ಲಿ ಹೋಗಿದ್ದಾನೆ?' ಅಂತ ಕೇಳಿದ್ದರೆ ಆ ಐದು ಎಂಟ್ರಿಗೂ ಅರ್ಥ ಬರುತ್ತಿತ್ತು. ಮೊದಲು ಎಳೆ, ಆಮೇಲೆ ಡೇಟಾ. ನನ್ನ ಇಡೀ ಉತ್ತರ ಇಷ್ಟೇ ಅಂದುಕೊಳ್ಳಿ. ಉಳಿದದ್ದು ವಿವರ.

'ಯಾಕೆ ಮಾಡುತ್ತಿಲ್ಲ' ಅಂತ ಕೇಳಿದಿರಿ. ಮಾಡುತ್ತಿದ್ದಾರೆ, ಆದರೆ ನೀವು ಹೇಳಿದ ಥರ ಅಲ್ಲ. ಕಾರ್ಗಿಲ್ ಯುದ್ಧದ ಪಾಠದಿಂದ 2001ರಲ್ಲಿ ಗುಪ್ತಚರ ದಳದ ಕೆಳಗೆ ಮಲ್ಟಿ ಏಜೆನ್ಸಿ ಸೆಂಟರ್ ಬಂತು. ಬೇರೆಬೇರೆ ಸಂಸ್ಥೆಯವರು ತಮಗೆ ಸಿಕ್ಕಿದ ಸುಳಿವನ್ನು ಒಂದೇ ಮೇಜಿನ ಮೇಲೆ ಇಡುವ ಜಾಗ ಅದು. ಮುಂಬೈ ದಾಳಿ ಆದ ಮೇಲೆ ಅದಕ್ಕೆ ಬಲ ತುಂಬಿದರು. ರಾಷ್ಟ್ರೀಯ ತನಿಖಾ ಸಂಸ್ಥೆ, ಅಂದರೆ ಎನ್‌ಐಎ, ಹುಟ್ಟಿದ್ದೂ ಆಗಲೇ. ಪೊಲೀಸ್ ಠಾಣೆಗಳ ಎಫ್‌ಐಆರ್‌ಗಳನ್ನು ಜೋಡಿಸುವ ಸಿಸಿಟಿಎನ್‌ಎಸ್‌ಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಕಲ್ಪನೆಗೆ ತೀರಾ ಹತ್ತಿರ ಇರುವುದು ನ್ಯಾಟ್‌ಗ್ರಿಡ್. ಗೃಹ ಸಚಿವರಾಗಿದ್ದ ಪಿ. ಚಿದಂಬರಂ ಮುಂದಿಟ್ಟ ಯೋಜನೆ. ಬ್ಯಾಂಕು, ಟೆಲಿಫೋನು, ರೈಲು, ವಿಮಾನ, ವಲಸೆ, ತೆರಿಗೆ ಹೀಗೆ 21 ಬಗೆಯ ಮಾಹಿತಿಗೆ ಅದು ಸೇತುವೆ. ಸೇತುವೆ ಅನ್ನುವ ಪದ ಗಮನಿಸಿ. ಅಲ್ಲಿ ಡೇಟಾ ಸುರಿದು ಇಟ್ಟುಕೊಳ್ಳುವುದು ಯೋಜನೆಯಲ್ಲಿ ಇರಲಿಲ್ಲ. ಡೇಟಾ ಆಯಾ ಇಲಾಖೆಯಲ್ಲೇ ಇರುತ್ತದೆ. ಅನುಮತಿ ಇರುವ ಸಂಸ್ಥೆಯ ಅಧಿಕಾರಿ ಒಂದು ಹೆಸರೋ ನಂಬರೋ ಹಾಕಿ ಕೇಳಿದರೆ ಉತ್ತರ ಬರುತ್ತದೆ.

ಒಂದೇ ಕಡೆ ಗುಡ್ಡೆ ಹಾಕದಿರುವುದಕ್ಕೆ ಒಳ್ಳೆ ಕಾರಣ ಇದೆ. ಅಮೆರಿಕದ ಒಂದು ಸರ್ಕಾರಿ ಕಚೇರಿ ತನ್ನ ನೌಕರರ, ಭದ್ರತಾ ತಪಾಸಣೆಗೆ ಒಳಗಾದವರ ಫೈಲುಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡಿತ್ತು. 2015ರಲ್ಲಿ ಗೊತ್ತಾಯಿತು, 2 ಕೋಟಿ 15 ಲಕ್ಷ ಜನರ ಮಾಹಿತಿ ಕಳ್ಳತನ ಆಗಿದೆ. 56 ಲಕ್ಷ ಜನರ ಬೆರಳಚ್ಚು ಕೂಡ ಹೋಗಿತ್ತು. ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲು ಆಗುತ್ತಾ? ದೇಶ ಕಾಯಲು ಕಟ್ಟಿದ ಕಣಜವೇ ಕಳ್ಳನಿಗೆ ದಾರಿ ತೋರಿಸಿತು.

ಇಲಾಖೆಗಳ ನಡುವಿನ ಎಳೆದಾಟವೂ ಇದೆ, ಅದನ್ನು ಮುಚ್ಚಿಡುವುದು ಬೇಡ. 2012ರಲ್ಲಿ ಕೇಂದ್ರ ಸರ್ಕಾರ ಭಯೋತ್ಪಾದನೆ ನಿಗ್ರಹಕ್ಕೆ ಒಂದು ರಾಷ್ಟ್ರೀಯ ಕೇಂದ್ರ ಮಾಡಲು ಹೊರಟಿತ್ತು. ಪೊಲೀಸ್ ರಾಜ್ಯದ ವಿಷಯ, ಇದರಲ್ಲಿ ಕೈ ಹಾಕಬೇಡಿ ಅಂತ ಹಲವು ಮುಖ್ಯಮಂತ್ರಿಗಳು ತಿರುಗಿಬಿದ್ದರು. ಅದು ಅಲ್ಲೇ ನಿಂತಿತು.

ಈಗ ನಮ್ಮ ಮೈಸೂರಿನದೇ ಒಂದು ಘಟನೆ. 2016ರ ಆಗಸ್ಟ್ 1, ಸೋಮವಾರ. ಕೋರ್ಟ್ ಆವರಣದ ಶೌಚಾಲಯದಲ್ಲಿ ಸ್ಫೋಟ ಆಯಿತು. ಸದ್ಯ, ಯಾರ ಜೀವವೂ ಹೋಗಲಿಲ್ಲ. ಮೈಸೂರಿನ ಕಣ್ಣಿನಿಂದ ಮಾತ್ರ ನೋಡಿದರೆ ಅದೊಂದು ಒಂಟಿ ಘಟನೆ, ಯಾರೋ ಕಿಡಿಗೇಡಿಯ ಕೆಲಸ ಅನಿಸಬಹುದಿತ್ತು. ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ ಆಂಧ್ರದ ಚಿತ್ತೂರು ಕೋರ್ಟ್ ಆವರಣದಲ್ಲಿ, ಜೂನ್‌ನಲ್ಲಿ ಕೇರಳದ ಕೊಲ್ಲಂನಲ್ಲಿ ಇಂಥದ್ದೇ ಆಗಿತ್ತು. ಆಮೇಲೆ ಸೆಪ್ಟೆಂಬರ್‌ನಲ್ಲಿ ನೆಲ್ಲೂರು, ನವೆಂಬರ್ 1ಕ್ಕೆ ಮಲಪ್ಪುರಂ. ಐದು ಊರು, ಮೂರು ರಾಜ್ಯ, ಐದು ಬೇರೆಬೇರೆ ಠಾಣೆ, ಮೂರು ಭಾಷೆಯ ಮಹಜರು. ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕೈಯ ಕೆಲಸ. ಆ ನವೆಂಬರ್‌ನಲ್ಲೇ ಎನ್‌ಐಎಯವರು ಮಧುರೈ ಕಡೆ ಆರೋಪಿಗಳನ್ನು ಹಿಡಿದರು. ಮೈಸೂರಿನ ಕೇಸಿನಲ್ಲಿ 2021ರಲ್ಲಿ ಬೆಂಗಳೂರಿನ ವಿಶೇಷ ಕೋರ್ಟು ಮೂವರಿಗೆ ಶಿಕ್ಷೆ ಕೊಟ್ಟಿತು.

ಐದು ಸಾಲಿನ ಪಟ್ಟಿ. ಒಂದು ಎಕ್ಸೆಲ್ ಶೀಟು ಸಾಕು. ಬಿಗ್ ಡೇಟಾ ಅಂತ ನಾವು ಎಷ್ಟೇ ಬಡಾಯಿ ಕೊಚ್ಚಿಕೊಂಡರೂ, ಭದ್ರತೆಯಲ್ಲಿ ಬಹಳ ಸಲ ಕೆಲಸ ಮಾಡುವುದು ಇಂಥ ಸಣ್ಣ ಡೇಟಾ, ಸರಿಯಾದವರ ಮುಂದೆ ಬಂದಾಗ.

ಹಾಗಾದರೆ ಕಂಪ್ಯೂಟರಿಗೆ ಕೆಲಸವೇ ಇಲ್ವಾ? ಇದೆ. ಕಷ್ಟದ ಕೆಲಸವೇ ಇದೆ. ಎರಡು ಪಟ್ಟಿಯಲ್ಲಿ ಇರುವುದು ಒಬ್ಬನೇ ಮನುಷ್ಯನಾ ಅಂತ ಹೇಳುವುದು. ನಮ್ಮ ಕಸುಬಿನಲ್ಲಿ ಇದಕ್ಕೆ ಎಂಟಿಟಿ ರೆಸಲ್ಯೂಷನ್ ಅಂತಾರೆ. ಹಿಂದೆ ಒಂದು ಸಂಸ್ಥೆಯ ಸಾಲದ ಪಟ್ಟಿ ಸರಿ ಮಾಡುವ ಕೆಲಸ ನನಗೆ ಬಂದಿತ್ತು. ನಾಗಮಂಗಲ ಸುತ್ತಲಿನ ಹಳ್ಳಿಗಳು. ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿ. ಗೌಡ ಅನ್ನುವುದನ್ನು ಒಬ್ಬರು 'ಡಬ್ಲ್ಯು' ಹಾಕಿ ಬರೆದಿದ್ದರು, ಇನ್ನೊಬ್ಬರು 'ಯು' ಹಾಕಿ. ಲಕ್ಷ್ಮಮ್ಮನಿಗೆ ಒಂದು ಕಡೆ 'ಎಕ್ಸ್', ಇನ್ನೊಂದು ಕಡೆ 'ಕೆಎಸ್‌ಎಚ್'. ಇನಿಶಿಯಲ್ ಮುಂದೆ ಇದ್ದದ್ದು ಹಿಂದಕ್ಕೆ ಹೋಗಿತ್ತು. ಒಂದೇ ಊರಿನಲ್ಲಿ ಹನ್ನೊಂದು ನಿಂಗೇಗೌಡರು. ಅವರಲ್ಲಿ ನಾಲ್ವರ ಅಪ್ಪನ ಹೆಸರು ಬೋರೇಗೌಡ. ಹುಟ್ಟಿದ ದಿನ ನೋಡೋಣ ಅಂದರೆ ಅರ್ಧ ಊರು ಜನವರಿ 1ಕ್ಕೋ ಜೂನ್ 1ಕ್ಕೋ ಹುಟ್ಟಿದೆ! ಇಸವಿ ಮಾತ್ರ ಗೊತ್ತಿದ್ದರೆ ಬರೆಯುವವರು ಹಾಕುವ ತಾರೀಕು ಅದು, ನಿಮಗೆ ಗೊತ್ತೇ ಇದೆ. ಮೂರು ತಿಂಗಳು ಬೇಕಾಯಿತು. ಕೊನೆಗೆ ಸರಿ ಮಾಡಿಕೊಟ್ಟದ್ದು ನನ್ನ ಪ್ರೋಗ್ರಾಂ ಅಲ್ಲ, ಅಲ್ಲಿನ ಪೋಸ್ಟ್‌ಮ್ಯಾನ್.

ಇದು ನಮ್ಮೂರಿನ ತಮಾಷೆ ಮಾತ್ರ ಅಲ್ಲ. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೊರಟ ವಿಮಾನದಲ್ಲಿ ನೈಜೀರಿಯಾದ ಹುಡುಗನೊಬ್ಬ ಬಾಂಬ್ ಸಿಡಿಸಲು ನೋಡಿದ. ಅವನ ತಂದೆಯೇ ಕೆಲವು ವಾರ ಮೊದಲು ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಎಚ್ಚರಿಸಿದ್ದರು. ಅಲ್ಲಿನವರು ಹೆಸರಿನ ಸ್ಪೆಲ್ಲಿಂಗ್ ತಪ್ಪು ಹಾಕಿ ಹುಡುಕಿದರು. ಅವನ ವೀಸಾ ಕಣ್ಣಿಗೆ ಬೀಳಲೇ ಇಲ್ಲ.

ಹೆಸರು ತಪ್ಪುವುದು ಒಂದಾದರೆ, ಹೆಸರು ಕದಿಯುವುದು ಇನ್ನೊಂದು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದೊಳಗೆ ಕುಕ್ಕರ್ ಸ್ಫೋಟ ಆಯಿತಲ್ಲ, ಆ ಆರೋಪಿ ಬಾಡಿಗೆಗೆ ಇದ್ದದ್ದು ನಮ್ಮ ಮೈಸೂರಿನಲ್ಲಿ. ಅವನು ತೋರಿಸಿದ್ದು ರೈಲ್ವೆ ನೌಕರರೊಬ್ಬರು ಕಳೆದುಕೊಂಡಿದ್ದ ಆಧಾರ್ ಅಂತ ಪೊಲೀಸರು ಆಗ ಹೇಳಿದ್ದರು. ಪಾಪ, ಆ ನೌಕರರಿಗೆ ಪೊಲೀಸರು ಬಂದು ಕೇಳುವವರೆಗೆ ಏನೂ ಗೊತ್ತಿಲ್ಲ. ಶಿವಮೊಗ್ಗದ ಒಂದು ಕೇಸಿನಲ್ಲಿ ಪೊಲೀಸರು ಮೊದಲೇ ಹುಡುಕುತ್ತಿದ್ದ ಮನುಷ್ಯ ಅವನು. ಅಂದರೆ ಪಟ್ಟಿಯಲ್ಲಿ ಹೆಸರು ಇತ್ತು. ಮನೆ ಬಾಡಿಗೆಗೆ ಬಂದದ್ದು ಬೇರೆ ಹೆಸರು. ನಮ್ಮ ಮನೆ ಓನರುಗಳು ಆಧಾರ್ ಜೆರಾಕ್ಸ್ ಇಸ್ಕೊಂಡು ಬೀರುವಿನಲ್ಲಿ ಇಟ್ಟು ನೆಮ್ಮದಿಯಾಗಿರುತ್ತಾರೆ. ಜೆರಾಕ್ಸಿನಿಂದ ಏನೂ ಗೊತ್ತಾಗುವುದಿಲ್ಲ. ಕಾರ್ಡಿನ ಮೇಲಿರುವ ಕ್ಯೂಆರ್ ಕೋಡನ್ನು ಆಧಾರ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿ ವಿವರ ಬರುತ್ತದೆ. ಅರ್ಧ ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿ ಬಾಡಿಗೆದಾರರು ಇದ್ದರೆ ಅಪ್ಪನಿಗೆ ಹೇಳಿಕೊಡಿ.

ಈಗ ಅಪ್ಪನ ಮಾತಿಗೆ ಬರೋಣ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಪೆನ್ನು ತಗೊಳ್ಳಿ. 2011ರ ಜನಗಣತಿ ಪ್ರಕಾರ ಮೈಸೂರು ಜಿಲ್ಲೆಯಲ್ಲಿ ಹೆಚ್ಚುಕಡಿಮೆ 30 ಲಕ್ಷ ಜನ. ಸುಮ್ನೆ ಲೆಕ್ಕಕ್ಕೆ, ಇದರಲ್ಲಿ 30 ಜನ ಅಪಾಯದವರು ಅಂತ ಇಟ್ಟುಕೊಳ್ಳೋಣ. ನೀವು ಒಂದು ಅದ್ಭುತ ಪ್ರೋಗ್ರಾಂ ಬರೆದಿದ್ದೀರಿ. ನೂರಕ್ಕೆ 99 ಸಲ ಸರಿ ಹೇಳುತ್ತದೆ. ಆ 30 ಜನರಲ್ಲಿ ಅಷ್ಟೂ ಜನರನ್ನು ಹಿಡಿಯಿತು ಅನ್ನೋಣ. ಉಳಿದ 30 ಲಕ್ಷದಲ್ಲಿ ನೂರಕ್ಕೆ ಒಬ್ಬರಂತೆ ತಪ್ಪಾದರೆ? 30,000 ಜನ. ಪೊಲೀಸರ ಮೇಜಿಗೆ ಬರುವುದು 30,030 ಹೆಸರು. ಪ್ರತಿ 1,001 ಹೆಸರಿನಲ್ಲಿ ಒಬ್ಬ ಮಾತ್ರ ನಿಜವಾದವನು. ಇಷ್ಟು ಜನರ ಮನೆ ಬಾಗಿಲು ತಟ್ಟಲು ಯಾವ ಠಾಣೆಯಲ್ಲಿ ಸಿಬ್ಬಂದಿ ಇದ್ದಾರೆ? ಮೂರನೇ ದಿನಕ್ಕೆ ಆ ಪಟ್ಟಿ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ನಿಮ್ಮ ಕಾಲೇಜಿನಲ್ಲಿ 99 ಪರ್ಸೆಂಟ್ ಬಂದರೆ ರ‍್ಯಾಂಕು. ಇಲ್ಲಿ ಅದು ಫೇಲು.

ಇದು ಬರೀ ಪೆನ್ನಿನ ಲೆಕ್ಕ ಅನ್ನಬೇಡಿ. ಅಮೆರಿಕ ತನ್ನ ಇಡೀ ಜನರ ಫೋನ್ ಕರೆಗಳ ಪಟ್ಟಿಯನ್ನು ವರ್ಷಗಟ್ಟಲೆ ಒಟ್ಟು ಮಾಡಿತು. ಅದು 2013ರಲ್ಲಿ, ಅಲ್ಲಿನ ಗುಪ್ತಚರ ಸಂಸ್ಥೆಗೆ ಗುತ್ತಿಗೆ ಮೇಲೆ ದುಡಿಯುತ್ತಿದ್ದ ಸ್ನೋಡೆನ್ ಮೂಲಕ ಹೊರಗೆ ಬಂತು. ಅಲ್ಲಿನ ಸರ್ಕಾರದ್ದೇ ಒಂದು ಮೇಲ್ವಿಚಾರಣಾ ಮಂಡಳಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. ದೇಶಕ್ಕೆ ಬೆದರಿಕೆ ಇದ್ದ ಯಾವ ತನಿಖೆಯಲ್ಲೂ ಈ ರಾಶಿಯಿಂದ ನಿಜವಾದ ವ್ಯತ್ಯಾಸ ಆದ ಒಂದೇ ಒಂದು ಉದಾಹರಣೆ ನಮಗೆ ಸಿಗಲಿಲ್ಲ ಅನ್ನುವುದು ಅದರ ಸಾರ. ಮುಂದಿನ ವರ್ಷ ಕಾನೂನು ತಂದು ಆ ಸಾರಾಸಗಟು ಸಂಗ್ರಹ ನಿಲ್ಲಿಸಿದರು.

ನಮ್ಮ ದೊಡ್ಡಮ್ಮನ ಮಗ ಮಂಡ್ಯದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಟೀ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಒಂದು ಬೆಳಗ್ಗೆ ಹಾಲಿನವನಿಗೆ ದುಡ್ಡು ಕಳಿಸಲು ಹೋದರೆ ಖಾತೆ ಕೆಲಸ ಮಾಡುತ್ತಿಲ್ಲ. ಬ್ಯಾಂಕಿಗೆ ಓಡಿದ. 'ಖಾತೆ ಫ್ರೀಜ್ ಆಗಿದೆ, ಪೊಲೀಸ್ ಕಡೆಯಿಂದ ಬಂದಿದೆ' ಅಂದರು. ಯಾವ ಪೊಲೀಸು? ಬೇರೆ ರಾಜ್ಯದ್ದು. ಆಗಿದ್ದು ಇಷ್ಟು: ಅಲ್ಲೆಲ್ಲೋ ಒಬ್ಬರಿಗೆ ಆನ್‌ಲೈನ್ ಮೋಸ ಆಗಿದೆ. ಆ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಾ ಹೋಗಿದೆ. ಆ ಸರಪಳಿಯಲ್ಲಿದ್ದ ಯಾವನೋ ಒಬ್ಬ ಇವನ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಟೀ, ಬೋಂಡ ಕೊಡಿಸಿ 140 ರೂಪಾಯಿ ಸ್ಕ್ಯಾನ್ ಮಾಡಿದ್ದಾನೆ. 140 ರೂಪಾಯಿಗೆ ಇಡೀ ಖಾತೆ ಬಂದ್. ಇಪ್ಪತ್ನಾಲ್ಕು ದಿನ. ಅರ್ಜಿ ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ. ಅಂಗಡಿ ಮುಂದೆ ಆ ಕ್ಯೂಆರ್ ಹಲಗೆಗೆ ಟವೆಲ್ ಮುಚ್ಚಿ, 'ಕ್ಯಾಶ್ ಓನ್ಲಿ' ಅಂತ ರಟ್ಟು ನೇತುಹಾಕಿದ್ದ.

ತಮಾಷೆ ಏನು ಗೊತ್ತಾ? ಇವನನ್ನು ಸಿಕ್ಕಿಸಿದ ವ್ಯವಸ್ಥೆ ನನ್ನ ಪ್ರಕಾರ ನಮ್ಮ ದೇಶದಲ್ಲಿ ಮಾಹಿತಿ ಹಂಚಿಕೆ ಚೆನ್ನಾಗಿ ನಡೆಯುವ ಜಾಗಗಳಲ್ಲಿ ಒಂದು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ದೂರು ಪೊಲೀಸರಿಂದ ಬ್ಯಾಂಕುಗಳಿಗೆ ಬೇಗ ದಾಟುತ್ತದೆ, ದುಡ್ಡು ಹೊರಗೆ ಹೋಗುವ ಮುಂಚೆ ತಡೆ ಬೀಳುತ್ತದೆ. ಎಷ್ಟೋ ಜನರ ದುಡ್ಡು ಉಳಿದಿದೆ. ಇಲ್ಲಿ ಎಳೆ ಇದೆ, ಮೋಸ ಹೋದವರ ದೂರು ಇದೆ, ಅದರ ಹಿಂದೆ ಮಾತ್ರ ಹೋಗುತ್ತಾರೆ. ಆದರೂ ಎಳೆಯ ತುದಿಯಲ್ಲಿ ಟೀ ಅಂಗಡಿ ಸಿಕ್ಕಿಕೊಂಡಿತು. ಎಳೆಯೇ ಇಲ್ಲದೆ ಎಲ್ಲರನ್ನೂ ಜರಡಿ ಹಿಡಿದರೆ ಏನಾಗುತ್ತದೆ ಅಂತ ಯೋಚಿಸಿ. ಬಿಡಿಸಿಕೊಳ್ಳುವ ದಾರಿಯೂ ಹಿಡಿಯುವ ದಾರಿಯಷ್ಟೇ ಬೇಗ ಇರಬೇಕು ಅಂತ ನಾನು ಅವತ್ತಿನಿಂದ ಹೇಳುತ್ತಲೇ ಇದ್ದೇನೆ. ಯಾರೂ ಕೇಳುತ್ತಿಲ್ಲ.

ಕಾನೂನಿನ ಮಾತು ಚುಟುಕಾಗಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. ಸರ್ಕಾರ ನಿಮ್ಮ ಮಾಹಿತಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಬೇಕಾದ್ದಕ್ಕಿಂತ ಜಾಸ್ತಿ ಕೈ ಚಾಚಬಾರದು. ಆದರೆ ದೇಶದ ಭದ್ರತೆ ವಿಷಯಕ್ಕೆ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ದೊಡ್ಡ ವಿನಾಯಿತಿಯನ್ನೇ ಇಟ್ಟಿದ್ದಾರೆ. ನ್ಯಾಟ್‌ಗ್ರಿಡ್ 2011ರಿಂದಲೇ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗೆ. ಗುಟ್ಟು ಬೇಕು, ಒಪ್ಪುತ್ತೇನೆ. ಆದರೆ ಯಾವ ಅಧಿಕಾರಿ ಯಾವತ್ತು ಯಾರ ಹೆಸರು ಹಾಕಿ ಹುಡುಕಿದರು ಅನ್ನುವ ಲಾಗ್ ಇಟ್ಟು, ಅದನ್ನು ಆ ಇಲಾಖೆಗೆ ಸೇರದ ಒಬ್ಬರು ನೋಡಬೇಕು. ನನ್ನ ಕೈಯಲ್ಲಿ ಬಿಟ್ಟರೆ ಮೊದಲು ಬರೆಯುವ ನಿಯಮ ಇದೇ.

ನಿಮ್ಮ ಓದಿನ ವಿಷಯ. ಡೇಟಾಬೇಸಿನಿಂದ ಬೇಕಾದ್ದನ್ನು ಕೇಳಿ ತೆಗೆಯುವ ಭಾಷೆ ಎಸ್‌ಕ್ಯೂಎಲ್, ಅದನ್ನು ಗಟ್ಟಿ ಮಾಡಿಕೊಳ್ಳಿ. ಸಂಭವನೀಯತೆ ಅಧ್ಯಾಯವನ್ನು ಪರೀಕ್ಷೆಗೆ ಓದಿ ಬಿಡಬೇಡಿ, ಮೇಲಿನ 30,030ರ ಲೆಕ್ಕ ಪೂರ್ತಿ ಅದೇ. ಕನ್ನಡ, ತಮಿಳು, ತೆಲುಗು ಹೆಸರುಗಳನ್ನು ಇಂಗ್ಲಿಷಿಗೆ ಬರೆಯುವಾಗ ಏನೇನು ಆಗುತ್ತದೆ ಅಂತ ಗೊತ್ತಿರುವ ಪ್ರೋಗ್ರಾಮರ್‌ಗಳು ಕಡಿಮೆ. ಅಲ್ಲಿ ನಿಮಗೆ ಜಾಗ ಇದೆ.

ಇವತ್ತು ಸಂಜೆಯೇ ಶುರು ಮಾಡಬಹುದು. ಅಪ್ಪನ ಆಧಾರ್, ರೇಷನ್ ಕಾರ್ಡು, ವೋಟರ್ ಐಡಿ, ಪಹಣಿ, ಪಾಸ್‌ಬುಕ್ಕು, ಸಿಕ್ಕಿದರೆ ಶಾಲೆ ಟಿಸಿ, ಎಲ್ಲವನ್ನೂ ಹೊರಗಿಡಿ. ಪ್ರತಿಯೊಂದರಲ್ಲೂ ಹೆಸರು, ಹುಟ್ಟಿದ ದಿನ ಹೇಗಿದೆಯೋ ಹಾಗೇ ಬರೆದುಕೊಳ್ಳಿ. ಆಮೇಲೆ ಇದೆಲ್ಲ ಒಬ್ಬರೇ ಅಂತ ಕಂಪ್ಯೂಟರಿಗೆ ಒಪ್ಪಿಸುವ ಪ್ರೋಗ್ರಾಂ ಬರೆಯಿರಿ. ನಾನು ನಮ್ಮ ತಂದೆಯವರ ಕಾಗದ ಇಟ್ಟುಕೊಂಡು ಕೂತಾಗ ಐದು ಹೆಸರು, ಮೂರು ಹುಟ್ಟಿದ ದಿನ ಸಿಕ್ಕಿದವು. ಪಿಂಚಣಿ ಪುಸ್ತಕದ ಪ್ರಕಾರ ಅವರು ತಮ್ಮ ತಮ್ಮನಿಗಿಂತ ಎರಡು ವರ್ಷ ಚಿಕ್ಕವರು.